ಫ್ಲೆಕ್ಸಿನ ಮೂರ್ತಿ, ಭಕ್ತಿಯ ಪ್ರಶ್ನೆ

ಕರ್ನಾಟಕದ ಊರೂರಿನ ಸರ್ಕಲ್ಲುಗಳಲ್ಲಿ ಎದ್ದು ನಿಲ್ಲುವ ಫ್ಲೆಕ್ಸ್ ಬ್ಯಾನರು ರಾಜಕೀಯ, ಜಾಹೀರಾತು, ಸಿನಿಮಾ ಮೂರೂ ಕೂಡುವ ಜಾಗ. ಶಾಸಕರ ಹುಟ್ಟುಹಬ್ಬವಿರಲಿ, ನಟನ ಹೊಸ ಚಿತ್ರವಿರಲಿ, ವಾರ್ಡಿನ ಮುಖಂಡನಿಗೆ ಪಕ್ಷದಲ್ಲಿ ಸಿಕ್ಕ ಹುದ್ದೆಯಿರಲಿ, ಅದರ ರೂಪ ಹೆಚ್ಚೇನೂ ಬದಲಾಗುವುದಿಲ್ಲ. ಆಳೆತ್ತರದ ನಾಯಕ, ತಲೆಯ ಹಿಂದೆ ಪ್ರಭಾವಳಿಯಂಥ ಬೆಳಕು, ಮೇಲೊಂದು ಬಿರುದು. ಸಿನಿಮಾ ಬಿಡುಗಡೆಯ ದಿನ ಕಟೌಟಿಗೆ ಹಾಲಿನ ಅಭಿಷೇಕ, ಕರ್ಪೂರದ ಆರತಿ, ಕುಂಬಳಕಾಯಿ. ಎಲ್ಲವೂ ದೇವಸ್ಥಾನದಿಂದ ಬಂದದ್ದು. ಹಾಗಾದರೆ ಇದು ಭಕ್ತಿಯೇ?

ಹುಚ್ಚಾಟ ಎಂದು ತಳ್ಳಿಹಾಕಿದರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಗದು. ಮನುಷ್ಯನಿಗೆ ಕೈ ಮುಗಿಯುವುದು ಈ ನೆಲಕ್ಕೆ ಹೊಸದಲ್ಲ. ಊರ ಹೊರಗಿನ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಬೆಂಗಳೂರಿನ ಹೆಸರು ಕಾಣುವ ಬೇಗೂರಿನ ಹಳೆಯ ಶಾಸನವೂ ಕಾಳಗದಲ್ಲಿ ಮಡಿದವನ ನೆನಪಿನದೇ. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಪಟ್ಟಿಕೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಫ್ಲೆಕ್ಸಿನಲ್ಲೂ ಇಂಥದೇ ಮೂರು ಹಂತ ಕಾಣುತ್ತದೆ. ಮೇಲೆ ಪಕ್ಷದ ವರಿಷ್ಠರ ಪುಟ್ಟ ಚಿತ್ರಗಳ ಸಾಲು, ನಡುವೆ ಸ್ಥಳೀಯ ನಾಯಕ, ಕೆಳಗೆ ‘ಶುಭ ಕೋರುವವರು’. ಆದರೆ ವೀರಗಲ್ಲನ್ನು ನಿಲ್ಲಿಸುತ್ತಿದ್ದುದು ತುರುಗಳನ್ನು ಬಿಡಿಸಲು ಹೋದವನು, ಊರು ಕಾಯಲು ಹೋದವನು ಮಡಿದ ಮೇಲೆ. ಕೆಲಸ ಮೊದಲು, ಕಲ್ಲು ಆಮೇಲೆ. ಫ್ಲೆಕ್ಸಿನ ‘ಬಡವರ ಬಂಧು’, ‘ಅಭಿವೃದ್ಧಿಯ ಹರಿಕಾರ’ ಎಂಬ ಬಿರುದುಗಳು ಕೆಲಸಕ್ಕಾಗಿ ಕಾಯುವುದಿಲ್ಲ. ಟಿಕೆಟ್ಟಿನ ಆಸೆ ಹುಟ್ಟಿದ ದಿನವೇ ಅವು ಅಚ್ಚಾಗಿರುತ್ತವೆ.

ಕೆಳಗಿನ ಆ ಸಾಲನ್ನು ಹತ್ತಿರ ನಿಂತು ನೋಡಬೇಕು. ದುಂಡನೆಯ ಚೌಕಟ್ಟಿನೊಳಗೆ ಪಾಸ್‌ಪೋರ್ಟ್ ಅಳತೆಯ ಹತ್ತಿಪ್ಪತ್ತು ಮುಖಗಳು, ಒಂದೊಂದರ ಅಡಿಯಲ್ಲೂ ಹೆಸರು. ಯಾರ ಮುಖ ನಾಯಕನಿಗೆ ಹತ್ತಿರ, ಯಾರದು ಅಂಚಿಗೆ, ಯಾರದು ಒಂದು ಬೆರಳು ದೊಡ್ಡದು ಎಂಬುದರ ಮೇಲೆ ಮುನಿಸುಗಳು ಹುಟ್ಟುತ್ತವೆ. ಮೇಲುನೋಟಕ್ಕೆ ಹೊಗಳಿಕೆ ನಾಯಕನದು. ದಾರಿಹೋಕರ ಕಣ್ಣಿಗೆ ಬೀಳಬೇಕಾದದ್ದು ಹೊಗಳಿದವನ ಮುಖ.

ಭಕ್ತರು ತಮ್ಮ ರೂಪವನ್ನು ದೇವಸ್ಥಾನದಲ್ಲಿ ಬಿಟ್ಟುಹೋದದ್ದೂ ಉಂಟು. ತಿರುಮಲೆಯ ಮಹಾದ್ವಾರದ ಒಳಗೆ ಕೃಷ್ಣದೇವರಾಯ ಇಬ್ಬರು ರಾಣಿಯರೊಡನೆ ಕೈ ಮುಗಿದು ನಿಂತಿದ್ದಾನೆ. ದಕ್ಷಿಣದ ಹಲವು ದೇವಸ್ಥಾನಗಳ ನೆಲಗಲ್ಲಿನಲ್ಲಿ ಸಾಷ್ಟಾಂಗ ಬಿದ್ದ ಭಕ್ತರ ಉಬ್ಬುಚಿತ್ರಗಳಿವೆ. ಬಂದವರ ಪಾದ ತುಳಿದು ತುಳಿದು ಅವು ಸವೆದಿವೆ, ಎಷ್ಟೋ ಮುಖಗಳ ಗುರುತೇ ಸಿಗುವುದಿಲ್ಲ. ಹಾಗೆ ಸವೆಯಲೆಂದೇ ಅವರು ತಮ್ಮನ್ನು ಅಲ್ಲಿ ಕೆತ್ತಿಸಿಕೊಂಡರು. ಭಕ್ತಿಯಲ್ಲಿ ಭಕ್ತ ಕಿರಿದಾಗುತ್ತಾನೆ. ಫ್ಲೆಕ್ಸಿನಲ್ಲಿ ಇಬ್ಬರೂ ಹಿರಿದಾಗಲು ಹೊರಟಿರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನಿಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ತನ್ನವರ ಹೊಗಳಿಕೆಯನ್ನು ಅವನು ಚಿನ್ನದ ಶೂಲಕ್ಕೆ ಹೋಲಿಸಿದ. ಚಿನ್ನದ್ದಾದರೂ ಶೂಲ ಶೂಲವೇ.

ದರ್ಶನ ಎಂಬ ಮಾತನ್ನೂ ಇಲ್ಲಿ ಪರಿಶೀಲಿಸಬೇಕು. ದೇವರನ್ನು ನೋಡುವುದಷ್ಟೇ ದರ್ಶನವಲ್ಲ, ದೇವರ ದೃಷ್ಟಿ ತನ್ನ ಮೇಲೆ ಬೀಳಲಿ ಎಂದು ಭಕ್ತ ಬರುತ್ತಾನೆ. ಅದಕ್ಕೇ ಪ್ರತಿಷ್ಠೆಯ ವಿಧಿಯಲ್ಲಿ ಮೂರ್ತಿಯ ಕಣ್ಣು ತೆರೆಸುವ ನೇತ್ರೋನ್ಮೀಲನಕ್ಕೆ ಅಷ್ಟು ಮಹತ್ವ. ಫ್ಲೆಕ್ಸಿನ ನಾಯಕ ಎಷ್ಟೋ ಸಲ ಕಪ್ಪು ಕನ್ನಡಕ ಹಾಕಿರುತ್ತಾನೆ. ಹಾಕದಿದ್ದರೂ ಕೆಳಗೆ ನಿಂತವಳ ಖಾಲಿ ಕೊಡ ಆ ಕಣ್ಣಿಗೆ ಕಾಣದು.

ಅಭಿಮಾನಿಗಳ ಪ್ರೀತಿ ಮಾತ್ರ ಸುಳ್ಳಲ್ಲ. 2024ರ ಜನವರಿ 8ಕ್ಕೆ ಮುಂಚಿನ ರಾತ್ರಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ತೀರಿಕೊಂಡರು. ಅವರಿಗೆ ಟಿಕೆಟ್ಟಿನ ಆಸೆಯಿರಲಿಲ್ಲ, ಗುತ್ತಿಗೆಯ ಆಸೆಯೂ ಇರಲಿಲ್ಲ. ಅಂಥ ಪ್ರೀತಿಗೆ ಇನ್ನೊಂದು ದಾರಿಯೂ ಇದೆ ಎಂಬುದಕ್ಕೆ ಕನ್ನಡ ಚಿತ್ರರಂಗದಲ್ಲೇ ಉದಾಹರಣೆಯಿದೆ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರು ಎಂದು ಕರೆದರು. 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿ ಹೋದವು. 2021ರ ಅಕ್ಟೋಬರ್ 29ರಂದು ಅವರ ಮಗ, ನಟ ಪುನೀತ್ ತೀರಿಕೊಂಡಾಗಲೂ ಹಾಗೆಯೇ ಆಯಿತು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲಿನ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಅಭಿಮಾನಿಗಳು ಗುಂಪುಗುಂಪಾಗಿ ಬಂದರು. ಹಾಲು ಸುರಿಯುವುದಕ್ಕಿಂತ ಇದು ಭಕ್ತಿಗೆ ಬಹಳ ಹತ್ತಿರದ್ದು, ಏಕೆಂದರೆ ಇಲ್ಲಿ ಕೊಡುವವನದೇ ಏನೋ ಒಂದು ಕಳೆಯುತ್ತದೆ.

ರಾಜಕೀಯದಲ್ಲಿ ಇಂಥ ದಾರಿ ಸಿಗುವುದು ಕಷ್ಟ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್, ಧರ್ಮದಲ್ಲಿ ಭಕ್ತಿ ಮುಕ್ತಿಗೆ ಒಯ್ದೀತು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದು ಎಚ್ಚರಿಸಿದ್ದರು. ದೇವರಿಂದ ಲೆಕ್ಕ ಕೇಳುವುದು ಭಕ್ತನ ಕೆಲಸವಲ್ಲ, ಶಾಸಕನಿಂದ ಲೆಕ್ಕ ಕೇಳುವುದು ಮತದಾರನ ಕೆಲಸ. ಫ್ಲೆಕ್ಸ್ ತಡೆಯುವ ಕಾನೂನಿಗೇನೂ ಕೊರತೆಯಿಲ್ಲ. ತೆರೆದ ಸ್ಥಳಗಳು ಅಂದಗೆಡದಂತೆ ತಡೆಯಲು 1981ರ ಕಾಯ್ದೆಯಿದೆ. 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ಕೆಳಗಿಳಿದವು. ತಡೆಯದ ಊರುಗಳಲ್ಲಿ ಅವು ಎಂದಿನಂತೆ ಏಳುತ್ತಿವೆ.

ಮಣ್ಣಿನ ಗಣಪತಿಗೆ ವಿಸರ್ಜನೆ ಇದೆ. ಪೂಜೆ ಮುಗಿದ ಮೇಲೆ ಮೂರ್ತಿ ನೀರಿನಲ್ಲಿ ಕರಗುತ್ತದೆ, ರೂಪವನ್ನು ಹಿಡಿದಿಟ್ಟುಕೊಳ್ಳಬಾರದು ಎಂಬ ಪಾಠ ಆ ವಿಧಿಯಲ್ಲೇ ಇದೆ. ಫ್ಲೆಕ್ಸ್ ಪಿವಿಸಿಯದು, ಕರಗುವುದಿಲ್ಲ. ಹಬ್ಬ ಕಳೆದ ಮೇಲೆ ಮರದ ಚೌಕಟ್ಟು ಒಬ್ಬರ ಪಾಲಾದರೆ ಹಾಳೆ ಇನ್ನೊಬ್ಬರ ಪಾಲು. ಅದು ಸೌದೆಯ ಮೇಲೆ, ಕೂಲಿಯವರ ಶೆಡ್ಡಿನ ಮೇಲೆ ಹೊದಿಕೆಯಾಗುತ್ತದೆ, ಕೈ ಮುಗಿದ ನಾಯಕ ತಲೆಕೆಳಗಾಗಿ, ಒಳಗೆ ಮಲಗಿದವರ ಮೇಲೆ ಮಳೆ ಬೀಳದಂತೆ.