ಬೆರಳ ತುದಿಯ ಸಾಕ್ಷಿ

ಜೆರುಸಲೇಮಿನಿಂದ ಯೆರಿಕೋ ಪಟ್ಟಣಕ್ಕೆ ಹೋಗುವ ದಾರಿ ಬೆಟ್ಟ ಇಳಿಯುವ ದಾರಿ. ಉದ್ದಕ್ಕೂ ಬಂಡೆ, ಕಮರಿ, ತಿರುವು. ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯ ಪ್ರಯಾಣಿಕ ಈ ದಾರಿಯಲ್ಲೇ ಕಳ್ಳರ ಕೈಗೆ ಸಿಕ್ಕಿ, ಪೆಟ್ಟು ತಿಂದು, ಅರೆಜೀವವಾಗಿ ಬಿದ್ದಿದ್ದ. ಯಾಜಕ ಬಂದ, ನೋಡಿದ, ಆಚೆ ಬದಿಯಿಂದ ಹೊರಟುಹೋದ. ಲೇವಿಯನೂ ಅಷ್ಟೇ. ಕೊನೆಗೆ ಬಂದ ಸಮಾರಿಯದವನೂ ನೋಡಿದ. ಆದರೆ ಅವನು ನಿಂತ. ಮೂವರ ಕಣ್ಣಿಗೂ ಬಿದ್ದದ್ದು ಒಂದೇ ಗಾಯ.

2023ರ ಮೇ ತಿಂಗಳಲ್ಲಿ ವ್ಯಾಟಿಕನ್ನಿನ ಸಂಪರ್ಕ ಮಾಧ್ಯಮ ವಿಭಾಗವು ಸಾಮಾಜಿಕ ಜಾಲತಾಣಗಳ ಬಗ್ಗೆ ಕ್ರೈಸ್ತರಿಗಾಗಿ ಒಂದು ಚಿಂತನೆಯನ್ನು ಹೊರತಂದಿತು. ಅದಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಇದೇ ಸಾಮತಿಯನ್ನು. ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಎಲ್ಲವೂ ಒಂದು ರೀತಿಯಲ್ಲಿ ದಾರಿಗಳೇ. ಬೆರಳಿನಿಂದ ಒಮ್ಮೆ ಸರಿಸಿದರೆ ಯಾರದೋ ಮದುವೆ, ಇನ್ನೊಮ್ಮೆ ಸರಿಸಿದರೆ ಯಾರದೋ ಅಪಘಾತ, ಅದರ ಬೆನ್ನಿಗೇ ಒಂದು ತಮಾಷೆ, ಆಮೇಲೊಂದು ಸಾವು. ಸಾವಿಗೆ ಕೈಜೋಡಿಸಿದ ಚಿತ್ರವೊಂದನ್ನು ಒತ್ತಿ ಮುಂದಕ್ಕೆ ಹೋದರೆ ಮುಗಿಯಿತು. ಆಚೆ ಬದಿಯಿಂದ ಹೊರಟುಹೋಗುವುದು ಇಷ್ಟು ಸುಲಭ ಹಿಂದೆಂದೂ ಆಗಿರಲಿಲ್ಲ.

ದಾಟಿಹೋಗುವುದೇ ಪಾಪವಾದರೆ, ಬೀಳಿಸುವುದು? ಅದೂ ನಡೆದಿದೆ, ದೂರದ ದೇಶದಲ್ಲಲ್ಲ, ಈ ನಾಡಿನಲ್ಲೇ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಸುತ್ತಾಡಲು ಬಂದಿದ್ದ ಕೆಲವು ಸ್ನೇಹಿತರು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಯಾರೋ ಅನುಮಾನಪಟ್ಟರು. ಸುದ್ದಿ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತು. ಸ್ನೇಹಿತರು ಕಾರು ಹತ್ತಿ ಹೊರಟರೂ ಸುದ್ದಿ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತ್ತು, ಅಲ್ಲಿ ದಾರಿ ಅಡ್ಡಗಟ್ಟಲಾಗಿತ್ತು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಜನರ ಹೊಡೆತಕ್ಕೆ ಪ್ರಾಣಬಿಟ್ಟ. ಜೊತೆಗಿದ್ದವರಿಗೂ, ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಮಕ್ಕಳಿಗೆ ಮಿಠಾಯಿ ಕೊಟ್ಟದ್ದಷ್ಟೇ ಆ ಯುವಕನ ತಪ್ಪು.

ಆ ವರ್ಷ ಮಕ್ಕಳ ಕಳ್ಳರ ಭೀತಿ ಹಬ್ಬಿಸಿದ ಒಂದು ವಿಡಿಯೋ ಭಾರತದ ಅನೇಕ ರಾಜ್ಯಗಳಲ್ಲಿ ಹರಿದಾಡಿತು. ಬೈಕಿನಲ್ಲಿ ಬಂದವರು ಆಟವಾಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದೇ ಮಾಡಿದ ಜಾಗೃತಿ ಚಿತ್ರ. ಪೂರ್ಣ ಚಿತ್ರದಲ್ಲಿ ಅವರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಸುಳ್ಳು ಸೇರಿಸಲಿಲ್ಲ ನೋಡಿ, ನಿಜದ ಬಾಲ ಕತ್ತರಿಸಿದರು. ಏದೆನ್ ತೋಟದ ಸರ್ಪ ಮಾಡಿದ್ದೂ ಇಂಥದೇ ಕೆಲಸ. ದೇವರು ಹೇಳಿದ ಮಾತನ್ನೇ ಎತ್ತಿಕೊಂಡು, ಅದನ್ನು ತಿರುಚಿ ಹವ್ವಳ ಮುಂದಿಟ್ಟಿತು. ದಿವಂಗತ ಪೋಪ್ ಫ್ರಾನ್ಸಿಸ್ 2018ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಸುಳ್ಳುಸುದ್ದಿಯ ಮೊದಲ ಉದಾಹರಣೆಯಾಗಿ ಆ ಸರ್ಪವನ್ನೇ ತೋರಿಸಿದ್ದರು.

ಮುರ್ಕಿಯ ದುರಂತದ ಕೆಲವೇ ದಿನಗಳಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಪ್ರಕಟಿಸಿತು. 2020ರಲ್ಲಿ, ಬಹಳ ಸಲ ಕೈಬದಲಾದ ಸಂದೇಶಕ್ಕೆ ಮಿತಿ ಒಂದಕ್ಕೇ ಇಳಿಯಿತು. ಯಂತ್ರಕ್ಕೆ ಲಗಾಮು ಬಿತ್ತು. ಮನುಷ್ಯನ ಬೆರಳಿಗೆ ಲಗಾಮು ಹಾಕುವವರು ಯಾರು?

ಇಲ್ಲಿಗೆ ಬರುವ ಭಕ್ತರಲ್ಲಿ ಅನೇಕರು ಪಾಪನಿವೇದನೆ ಮಾಡುತ್ತಾರೆ. ಕೋಪ, ಜಗಳ, ಕುಡಿತ ಎಲ್ಲ ನೆನಪಿಗೆ ಬರುತ್ತದೆ. ಕಿಸೆಯಲ್ಲಿರುವ ಫೋನು ಮಾತ್ರ ನೆನಪಿಗೆ ಬರುವುದು ಕಡಿಮೆ. "ಯಾರೋ ಕಳಿಸಿದ್ರು, ನಾನು ಮುಂದಕ್ಕೆ ಕಳಿಸಿದೆ ಅಷ್ಟೇ, ನಾನೇನು ಬರೆದದ್ದಾ?" ಅನ್ನುವ ಸಮಾಧಾನ ಎಲ್ಲರ ಬಳಿಯೂ ಇದೆ. ಆದರೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ಸುಳ್ಳು ಕಟ್ಟಿದವನಿಗೆ ಮಾತ್ರ ಕೊಟ್ಟದ್ದಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಆಜ್ಞೆಯ ಕೆಳಗೆ ಮೂರು ತಪ್ಪುಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬನನ್ನು ತಪ್ಪಿತಸ್ಥ ಎಂದು ನಂಬುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಮತ್ತೊಂದು ಅನೇಕರನ್ನು ಬೆಚ್ಚಿಬೀಳಿಸಬೇಕು: ಒಬ್ಬರ ನಿಜವಾದ ತಪ್ಪನ್ನೇ, ಸರಿಯಾದ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ತಿಳಿಸುವುದು. ಪಕ್ಕದ ಮನೆ ಹುಡುಗಿ ಯಾರೊಂದಿಗೆ ಎಲ್ಲಿ ಕಂಡಳು ಎಂಬ ಫೋಟೋ ಅಪ್ಪಟ ನಿಜವೇ ಇರಬಹುದು. ಕುಟುಂಬದ ಗುಂಪಿಗೆ ಅದನ್ನು ಹಾಕಿದ ಚಿಕ್ಕಪ್ಪ ಆಗಲೂ ಆಜ್ಞೆ ಮೀರಿದವನೇ.

ಇನ್ನೊಂದು ರೋಗ ಭಕ್ತರ ನಡುವೆಯೇ ಇದೆ. ಮಾತೆ ಮರಿಯಮ್ಮನವರ ಚಿತ್ರ, ಕೆಳಗೆ ಒಂದು ಬೆದರಿಕೆ: ಹನ್ನೆರಡು ಜನರಿಗೆ ಕಳಿಸಿದರೆ ಒಳ್ಳೆಯದಾಗುತ್ತದೆ, ಅಳಿಸಿದರೆ ಕೇಡು. ಹಿಂದೆ ಇದು ಪೋಸ್ಟ್‌ಕಾರ್ಡಿನಲ್ಲಿ ಬರುತ್ತಿತ್ತು, ಈಗ ಫೋನಿನಲ್ಲಿ. ಇದು ಪ್ರಾರ್ಥನೆಯಲ್ಲ, ಮೂಢನಂಬಿಕೆ. ಮೊದಲನೆಯ ಆಜ್ಞೆಗೇ ವಿರುದ್ಧ. ದೇವಮಾತೆ ಮಕ್ಕಳನ್ನು ಹೆದರಿಸುವ ತಾಯಿಯಲ್ಲ. ಧೈರ್ಯವಾಗಿ ಅಳಿಸಿಬಿಡಿ.

ಹದಿನಾರನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸಂತ ಫಿಲಿಪ್ ನೇರಿಯವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಚಾಡಿ ಹೇಳುವ ಚಟವಿದ್ದ ಹೆಂಗಸೊಬ್ಬಳು ಪಾಪನಿವೇದನೆಗೆ ಬಂದಳು. ಒಂದು ಕೋಳಿ ತಂದು, ದಾರಿಯುದ್ದಕ್ಕೂ ಅದರ ಪುಕ್ಕ ಕೀಳುತ್ತಾ ಬಾ ಎಂದರು ಸಂತರು. ಹಾಗೆಯೇ ಮಾಡಿದಳು. ಈಗ ಹೋಗಿ ಆ ಪುಕ್ಕಗಳನ್ನೆಲ್ಲ ಆರಿಸಿಕೊಂಡು ಬಾ ಎಂದರು. ಗಾಳಿಗೆ ಹಾರಿಹೋದ ಪುಕ್ಕವನ್ನು ಎಲ್ಲಿಂದ ಆರಿಸುವುದು!

ಆದರೂ ಧರ್ಮಸಭೆ ಅಲ್ಲಿಗೇ ಕೈಬಿಡುವುದಿಲ್ಲ. ಕೆಡಿಸಿದ ಹೆಸರಿಗೆ ಪರಿಹಾರ ಮಾಡುವುದು ಕರ್ತವ್ಯ, ಕ್ಷಮೆ ಸಿಕ್ಕಿದರೂ ಆ ಕರ್ತವ್ಯ ತಪ್ಪುವುದಿಲ್ಲ ಎನ್ನುತ್ತದೆ ಧರ್ಮೋಪದೇಶ. ಸುಳ್ಳು ಯಾವ ಗುಂಪಿಗೆ ಹೋಯಿತೋ ಅದೇ ಗುಂಪಿನಲ್ಲಿ, ಎಲ್ಲರೂ ಓದುವಂತೆ, "ಮೊನ್ನೆ ಕಳಿಸಿದ್ದು ಸುಳ್ಳು, ತಪ್ಪಾಯ್ತು" ಎಂದು ಹಾಕಬೇಕು. ಸದ್ದಿಲ್ಲದೆ ಅಳಿಸಿಬಿಟ್ಟರೆ ಸಾಲದು. ಬೆಟ್ಟ ಹತ್ತಿ ಹರಕೆ ತೀರಿಸುವುದಕ್ಕಿಂತ ಇದು ಕಷ್ಟ. ಮಾನ ಹೋಗುತ್ತದೆ ಅನ್ನಿಸುತ್ತದೆ. ಆದರೆ ಹೋಗಿರುವ ಮಾನ ಮೊದಲೇ ಇನ್ನೊಬ್ಬರದು.

ಹಾಗಾದರೆ ಫೋನನ್ನು ಬಾವಿಗೆ ಎಸೆಯಬೇಕೇ? ಧರ್ಮಸಭೆ ಹಾಗೆ ಹೇಳಿಲ್ಲ. 2020ರ ಮಾರ್ಚ್ 27ರ ಸಂಜೆ, ಕೊರೊನಾ ಕಾಲದಲ್ಲಿ, ಸಂತ ಪೇತ್ರರ ಚೌಕ ಜನರಿಲ್ಲದೆ ಮಳೆಯಲ್ಲಿ ನೆನೆಯುತ್ತಿದ್ದಾಗ ಪೋಪ್ ಫ್ರಾನ್ಸಿಸ್ ಅಲ್ಲಿ ಪ್ರಾರ್ಥಿಸಿದ್ದನ್ನು ಲೋಕವೆಲ್ಲ ತೆರೆಯ ಮೇಲೆ ಕಂಡು ಜೊತೆಗೂಡಿತು. ಇಂದಿಗೂ ಹಾಸಿಗೆ ಹಿಡಿದ ಅಜ್ಜಿಗೆ ಫೋನಿನಲ್ಲಿ ಬರುವ ಬಲಿಪೂಜೆ ದೊಡ್ಡ ಆಸರೆ. ಆದರೆ ಪರಮಪ್ರಸಾದ ಫೋನಿನಲ್ಲಿ ಬರುವುದಿಲ್ಲ. ಅದನ್ನು ಯಾರಾದರೂ ನಡೆದು ಹೋಗಿ, ಬಾಗಿಲು ತಟ್ಟಿ, ಆಕೆಯ ಪಕ್ಕ ಕೂತು ಕೊಡಬೇಕು.

ಕಾರ್ಲೋ ಅಕುಟಿಸ್ ಎಂಬ ಇಟಲಿಯ ಹುಡುಗ ಈ ಎರಡನ್ನೂ ಬಲ್ಲವನಾಗಿದ್ದ. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಮಿಲಾನಿನಲ್ಲಿ ಬೆಳೆದವನು. ಕಂಪ್ಯೂಟರ್ ಎಂದರೆ ಪ್ರಾಣ. ಪರಮಪ್ರಸಾದಕ್ಕೆ ಸಂಬಂಧಿಸಿದ ಪವಾಡಗಳನ್ನು ಹುಡುಕಿ, ಕಲೆಹಾಕಿ, ಜಾಲತಾಣದಲ್ಲಿ ಜೋಡಿಸಿದ. ವಿಡಿಯೋ ಆಟಕ್ಕೆ ವಾರಕ್ಕೆ ಒಂದು ಗಂಟೆ ಮಾತ್ರ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ ಎನ್ನುತ್ತಾರೆ ತಾಯಿ. ರಕ್ತದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 12ರಂದು, ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಫೇಸ್‌ಬುಕ್ ಎಲ್ಲರಿಗೂ ಬಾಗಿಲು ತೆರೆದದ್ದು ಅದಕ್ಕೆ ಎರಡು ವಾರ ಮುಂಚೆಯಷ್ಟೇ, ಹಾಗಾಗಿ ಇಂದಿನ ಮಕ್ಕಳ ಪರೀಕ್ಷೆ ಅವನಿಗೆ ಬರಲಿಲ್ಲ ಎನ್ನುವವರಿದ್ದಾರೆ. ಅದು ನಿಜವೇ. ಆದರೆ ಪರೀಕ್ಷೆ ಬರುವ ಮೊದಲೇ ಅವನು ಕಲಿತದ್ದೊಂದಿತ್ತು. ಶಾಲೆಯ ದಾರಿಯಲ್ಲಿ, ಬೀದಿಬದಿಯಲ್ಲಿ ಮಲಗುವವರನ್ನು ಕಂಡರೆ ನಿಲ್ಲುತ್ತಿದ್ದ, ಮಾತಾಡಿಸುತ್ತಿದ್ದ, ಊಟ ಒಯ್ಯುತ್ತಿದ್ದ, ಕೂಡಿಟ್ಟ ಹಣದಲ್ಲಿ ಹೊದಿಯಲು ಕೊಡುತ್ತಿದ್ದ.

2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಅದಕ್ಕೆ ಹತ್ತೊಂಬತ್ತು ವರ್ಷ ಹಿಂದೆ, ಅವನ ಅಂತ್ಯಕ್ರಿಯೆಯ ದಿನ, ದೇವಾಲಯದಲ್ಲಿ ಜಾಗ ಸಾಲಲಿಲ್ಲವಂತೆ. ಬಂದವರಲ್ಲಿ ಬಡವರು, ಬೀದಿಯಲ್ಲಿ ಬದುಕುವವರು, ಹೊರದೇಶದಿಂದ ಬಂದ ಕೂಲಿಯವರು ಅನೇಕರಿದ್ದರು. ಅವರಲ್ಲಿ ಎಷ್ಟೋ ಜನರ ಗುರುತು ತಂದೆತಾಯಿಗೂ ಇರಲಿಲ್ಲ.