ಶಾಪ ಯಾರ ಮೇಲೆ?

ಮರಕ್ಕೆ ನೇತುಬಿದ್ದವನು ಶಾಪಗ್ರಸ್ತ ಅನ್ನುತ್ತದೆ ಧರ್ಮಶಾಸ್ತ್ರ. ಕ್ರಿಸ್ತ ಆ ಶಾಪವೇ ಆಗಿ ನಮ್ಮನ್ನು ಬಿಡಿಸಿದ ಅನ್ನುತ್ತಾನೆ ಪೌಲ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ (3:13). ಲಂಡನ್ ಮಿಷನ್ 1820ರಲ್ಲೇ ಬೆಳಗಾವಿಗೆ ಬಂದರೂ ಈ ವಾಕ್ಯದ ಗಂಟು ಬಿಚ್ಚಿಲ್ಲ. ನಮ್ಮ ಸಾಲವನ್ನು ದೇವರು ಮಗನ ರಕ್ತದಿಂದ ವಸೂಲಿ ಮಾಡಿದ ಅಂತಾರ ಕೆಲವರು. ಅಪ್ಪನ ಸಾಲಕ್ಕೆ ಮಗನ ಜೀತ ಕಂಡವರಿಗೆ ಇಂಥ ದೇವರು ಸಾವ್ಕಾರನೇ! 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲವನ್ನೇ ಅಳಿಸಿತು. ಮನುಷ್ಯರ ಕಾಯ್ದೆಗಿಂತ ದೇವರು ಜಿಪುಣನೇನು?

ಖಾನಾಪುರ ತಾಲ್ಲೂಕಿನ ನಂದಗಡ ನೋಡ್ರಿ. 1831ರಲ್ಲಿ ಕಂಪನಿ ಸರಕಾರ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿತು. ಅವನ ಸಮಾಧಿಯ ಆಲದ ಮರಕ್ಕೆ ಜನ ಇಂದೂ ಹರಕೆಯ ತೊಟ್ಟಿಲು ಕಟ್ತಾರ. ಶಾಪ ಅಂಟಿದ್ದು ನೇಣು ಹಾಕಿದವರಿಗೆ. ಶಿಲುಬೆಯಲ್ಲೂ ದೇವರು ನೇತುಬಿದ್ದವನ ಕಡೆ ನಿಂತು ತೀರ್ಪು ತಿರುಗಿಸಿದ. ಹಾಗಾದರೆ, ಊರು ಹೊರಗಿಟ್ಟವರ ಪಕ್ಕ ನಿಲ್ಲದವರಿಗೆ ಬಿಡುಗಡೆ ಎಲ್ಲಿಂದ ಬಂತು?