ಬಾಗಿಲು ತಟ್ಟಿ ಕಾಯುವವರು

ಓದಲೆಂದು ಇಂಗ್ಲೆಂಡಿನ ಒಂದು ಊರಿನಲ್ಲಿದ್ದಾಗ ನಾನಿದ್ದ ಬಾಡಿಗೆ ಕೋಣೆಯ ಪಕ್ಕದ್ದು ಕೌನ್ಸಿಲ್ ಮನೆ. ಕೌನ್ಸಿಲ್ ಮನೆ ಎಂದರೆ ಅಲ್ಲಿನ ನಗರಾಡಳಿತವೇ ಮಾಲೀಕನಾಗಿ, ಕಡಿಮೆ ಬಾಡಿಗೆಗೆ ಕೊಡುವ ಮನೆ. ಎರಡು ಮಲಗುವ ಕೋಣೆಗಳಿದ್ದ ಆ ಮನೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಒಂಟಿಯಾಗಿದ್ದರು. ಒಂದು ದಿನ ಅವರಿಗೆ ಕಾಗದ ಬಂತು: ಮುಂದಿನ ಮಂಗಳವಾರ ಬೆಳಗ್ಗೆ ನಮ್ಮ ಸಿಬ್ಬಂದಿ ಮನೆಗೆ ಬರುತ್ತಾರೆ, ದಯವಿಟ್ಟು ಮನೆಯಲ್ಲಿರಿ. ಬೆದರಿಕೆಯ ಮಾತು ಒಂದೂ ಇರಲಿಲ್ಲ. ಆದರೂ ಆಕೆ ಎರಡು ದಿನ ಕೂತು ಮನೆಯನ್ನೆಲ್ಲ ಉಜ್ಜಿ ತೊಳೆದರು. ಅದು ನನಗೆ ಅರ್ಥವಾಯಿತು. ಯಾರಾದರೂ ಬರುತ್ತಾರೆಂದರೆ ನಮ್ಮಮ್ಮ ಮಾಡುತ್ತಿದ್ದುದೂ ಅದನ್ನೇ.

ಅರ್ಥವಾಗದ್ದು ಬೇರೆ. ಸೋಮವಾರ ಸಂಜೆ ಆಕೆ ಒಂದು ಚೀಲ ಹಿಡಿದು ಬಂದು, "ಇದನ್ನು ಎರಡು ದಿನ ನಿನ್ನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೀಯಾ?" ಎಂದರು. ಒಳಗೆ ಒಂದು ಜೊತೆ ಗಂಡಸರ ಬೂಟು, ಒಂದು ಕೋಟು. ಆಕೆಯ ತಂಗಿಯ ಮಗನದ್ದು. ಕೆಲಸದ ಮೇಲೆ ಈ ಊರಿಗೆ ಬಂದಾಗ ಅವನು ಒಂದೆರಡು ರಾತ್ರಿ ಅಲ್ಲಿ ಉಳಿಯುತ್ತಿದ್ದ. ಅದರಲ್ಲೇನು ತಪ್ಪು ಎಂದು ಕೇಳಿದೆ. "ತಪ್ಪೇನಿಲ್ಲ. ಆದರೆ ವಿವರಿಸಬೇಕಲ್ಲ" ಎಂದರು.

ಆ ಮಾತು ಇವತ್ತಿಗೂ ನನ್ನ ಜೊತೆಗಿದೆ. ಸ್ವಂತ ಮನೆ ಇರುವವರು ಬಾಗಿಲ ಬಳಿಯಿರುವ ಬೂಟು ಯಾರದೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಸಾರ್ವಜನಿಕ ಹಣದಿಂದ ಸೂರು ಪಡೆದವರು ಮಾತ್ರ ವಿವರಿಸಬೇಕೆ? ಸಹಾಯ ಪಡೆದದ್ದಕ್ಕೆ ತೆರಬೇಕಾದ ಬೆಲೆಗಳಲ್ಲಿ ತನ್ನ ಮನೆಯ ಗುಟ್ಟೂ ಒಂದೆ?

ಆಕೆಯ ಹೆದರಿಕೆ ಬರಿಯ ಭ್ರಮೆಯಲ್ಲ. 2013ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ನಿಯಮ ತಂದಿತು. ಇಂಥ ಮನೆಗಳಲ್ಲಿರುವ, ಇನ್ನೂ ಪಿಂಚಣಿ ವಯಸ್ಸು ತಲುಪದ ಬಾಡಿಗೆದಾರರಿಗೆ ಅಗತ್ಯಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದ್ದರೆ, ಬಾಡಿಗೆಗೆಂದು ಸಿಗುವ ಸಹಾಯಧನವನ್ನು ಲೆಕ್ಕ ಹಾಕುವಾಗ ಬಾಡಿಗೆಯ ಶೇಕಡಾ 14ರಷ್ಟನ್ನು ಕಳೆಯುತ್ತಾರೆ. ಎರಡು ಅಥವಾ ಹೆಚ್ಚಿದ್ದರೆ ಶೇಕಡಾ 25. ಜನ ಅದನ್ನು 'ಬೆಡ್‌ರೂಮ್ ತೆರಿಗೆ' ಎಂದರು. ಇನ್ನು, ಒಂಟಿಯೆಂದು ಬರೆಸಿದವರ ಮನೆಯಲ್ಲಿ ಮತ್ತೊಬ್ಬರು ವಾಸವಿರುವುದು ಕಂಡರೆ ಅದಕ್ಕೂ ಕಡಿತವಾಗಬಹುದು. ಕೋಣೆ ಎಣಿಸುವ, ತಲೆ ಎಣಿಸುವ ಲೆಕ್ಕ ಒಮ್ಮೆ ಶುರುವಾದ ಮೇಲೆ ಮನೆಗೆ ಬರುವ ಯಾವ ಕಣ್ಣೂ ಬರಿಯ ಕಣ್ಣಾಗಿ ಉಳಿಯುವುದಿಲ್ಲ.

ಕಾನೂನು ಆಕೆಯ ಪರವಾಗಿಯೇ ಇತ್ತು ಎಂಬುದು ನನಗೆ ಆಮೇಲೆ ಓದಿ ತಿಳಿಯಿತು. ಇಂಗ್ಲೆಂಡಿನ 1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ ಪ್ರಕಾರ, ಮನೆಯ ದುರಸ್ತಿ ಸ್ಥಿತಿ ನೋಡಲು ಬರುವ ಮಾಲೀಕ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಬರಬಾರದು. ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಮಾಲೀಕನ ಕರ್ತವ್ಯ, ಅದಕ್ಕೆ ಬಾಗಿಲು ತೆರೆಯುವುದು ಬಾಡಿಗೆದಾರರ ಹೊಣೆ. ಗ್ಯಾಸ್ ಸೋರುತ್ತಿದ್ದರೆ, ಪೈಪು ಒಡೆದು ನೀರು ನುಗ್ಗುತ್ತಿದ್ದರೆ ಯಾರೂ 24 ಗಂಟೆ ಕಾಯುವುದಿಲ್ಲ. ಉಳಿದಂತೆ, ಒಪ್ಪಂದದಲ್ಲಿ ಭೇಟಿಯ ಷರತ್ತು ಇದ್ದರೂ ಬಾಡಿಗೆದಾರರು ಒಲ್ಲೆ ಎಂದರೆ ಮಾಲೀಕ ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ತನ್ನ ಬೀಗದ ಕೈಯಿಂದ ಬಾಗಿಲು ತೆಗೆದುಕೊಂಡು ಒಳನುಗ್ಗುವಂತಿಲ್ಲ. "ಮಂಗಳವಾರ ಆಗುವುದಿಲ್ಲ, ಗುರುವಾರ ಬನ್ನಿ" ಎಂದು ಆಕೆ ಕೇಳಬಹುದಿತ್ತು. ಗುರುತಿನ ಚೀಟಿ ತೋರಿಸಿ ಎನ್ನಬಹುದಿತ್ತು. ಕಪಾಟು ಮುಟ್ಟಬೇಡಿ ಎನ್ನಬಹುದಿತ್ತು. ಅನ್ನಲಿಲ್ಲ. ಸೂರು ಕೊಟ್ಟವರ ಮುಂದೆ ಹಕ್ಕಿನ ಮಾತಾಡಲು ಕಾಯ್ದೆಯ ತಿಳಿವಳಿಕೆಯೊಂದೇ ಸಾಲದು, ಮುಂದೆ ಅವರ ಹಂಗು ಬೀಳುವುದಿಲ್ಲ ಎಂಬ ಧೈರ್ಯವೂ ಬೇಕು.

ವಿಚಿತ್ರವೆಂದರೆ, ಮನೆಯೇ ಕೋಟೆ ಎಂಬ ಮಾತನ್ನು ಲೋಕಕ್ಕೆ ಹೇಳಿಕೊಟ್ಟ ದೇಶ ಅದು. 1604ರ ಸೆಮೇನ್ ಮೊಕದ್ದಮೆಯ ವರದಿಯಲ್ಲಿ ನ್ಯಾಯವೇತ್ತ ಎಡ್ವರ್ಡ್ ಕೋಕ್ ಅದನ್ನು ಬರೆದಿಟ್ಟ. ಅದೇ ಮೊಕದ್ದಮೆ ಇನ್ನೊಂದು ಮಾತನ್ನೂ ಹೇಳಿತು: ದೊರೆಯ ಕಡೆಯಿಂದ ಬಂದ ಅಧಿಕಾರಿಯೂ ಮೊದಲು ಬಂದ ಕಾರಣ ಹೇಳಿ, ಬಾಗಿಲು ತೆಗೆಯಿರಿ ಎಂದು ಕೇಳಬೇಕು. ನೂರೈವತ್ತು ವರ್ಷಗಳ ನಂತರ, ಸೇಬಿನ ಮದ್ಯದ ಮೇಲಿನ ತೆರಿಗೆಗಾಗಿ ಅಧಿಕಾರಿಗಳು ಮನೆಮನೆ ಹೊಗುವ ಬಗ್ಗೆ 1763ರಲ್ಲಿ ಚರ್ಚೆ ನಡೆದಾಗ, ವಿಲಿಯಂ ಪಿಟ್ ಆಡಿದನೆಂದು ಹೇಳುವ ಮಾತೊಂದಿದೆ. ಬಡವನ ಮುರುಕು ಗುಡಿಸಲಿಗೆ ಗಾಳಿ ಮಳೆ ನುಗ್ಗಬಹುದು, ದೊರೆ ಮಾತ್ರ ಕಾಲಿಡುವಂತಿಲ್ಲ ಎಂಬುದು ಅದರ ಸಾರಾಂಶ. ಕೇಳಲು ಭವ್ಯವಾಗಿದೆ. ಆದರೆ ಆ ಗುಡಿಸಲಿನ ಮಾಲೀಕ ದೊರೆಯೇ ಆಗಿದ್ದರೆ? ಆಗ ಏನೆಂಬುದನ್ನು ಪಿಟ್ ಯೋಚಿಸಬೇಕಾಗಿರಲಿಲ್ಲ.

ಯೋಚಿಸಬೇಕಾಗಿ ಬಂದದ್ದು ಆಕ್ಟೇವಿಯಾ ಹಿಲ್‌ಗೆ. 1865ರಲ್ಲಿ ಜಾನ್ ರಸ್ಕಿನ್ ಕೊಟ್ಟ ಹಣದಿಂದ ಲಂಡನ್ನಿನ ಮೇರಿಲಿಬೋನ್‌ನಲ್ಲಿ ಬಡವರು ವಾಸವಿದ್ದ ಕೆಲವು ಮನೆಗಳ ಆಡಳಿತವನ್ನು ಆಕೆ ವಹಿಸಿಕೊಂಡಳು. ವಾರವಾರ ತಾನೇ ಬಾಡಿಗೆ ವಸೂಲಿಗೆ ಹೋಗುತ್ತಿದ್ದಳು. ಬಾಡಿಗೆಯ ವಿಷಯದಲ್ಲಿ ಕಟ್ಟುನಿಟ್ಟು. ಉಳಿದ ಹಣದಲ್ಲಿ ಮನೆಗಳ ದುರಸ್ತಿ. ತನ್ನ ಗೆಳೆಯರ ಖಾಸಗಿ ಬದುಕನ್ನು ಎಷ್ಟು ಗೌರವಿಸುತ್ತೇನೋ ಬಾಡಿಗೆದಾರರದ್ದನ್ನೂ ಅಷ್ಟೇ ಗೌರವಿಸಬೇಕು ಎಂದು ಆಕೆ ಬರೆದದ್ದುಂಟು. ಅದು ಕಪಟವಲ್ಲ ಎಂದೇ ನನ್ನ ನಂಬಿಕೆ. ಆದರೂ ಗೆಳತಿಯ ಭೇಟಿಗೂ ಆಕೆಯ ಭೇಟಿಗೂ ಒಂದು ವ್ಯತ್ಯಾಸವಿದೆ. ಗೆಳತಿ ಮುನಿಸಿಕೊಂಡರೆ ಮನೆ ಹೋಗುವುದಿಲ್ಲ. ಅಧಿಕಾರವಿರುವವರು ಎಷ್ಟೇ ಮೃದುವಾಗಿ ಬಂದರೂ ಅಧಿಕಾರ ಅವರ ಜೊತೆಗೇ ಒಳಗೆ ಬಂದಿರುತ್ತದೆ.

ಇದಕ್ಕೆ ಪ್ರತಿವಾದವಿದೆ, ಅದು ಹಗುರವಾದದ್ದೂ ಅಲ್ಲ. ಮನೆಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದಿರುವ ಕುಟುಂಬಗಳಿವೆ. ಸರ್ಕಾರದಿಂದ ಪಡೆದ ಮನೆಯನ್ನು ಹೆಚ್ಚು ಬಾಡಿಗೆಗೆ ಬೇರೆಯವರಿಗೆ ಕೊಟ್ಟು ತಾವು ಇನ್ನೆಲ್ಲೋ ಇರುವವರೂ ಇದ್ದಾರೆ. ಎಲ್ಲರ ಹಣದ ಲೆಕ್ಕ ಯಾರಾದರೂ ಕೇಳಬೇಡವೇ? ಮನೆಯದ್ದಲ್ಲದಿದ್ದರೂ ಸಹಾಯಧನದ ಇಂಥದೇ ಪ್ರಶ್ನೆ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿತ್ತು. ನ್ಯೂಯಾರ್ಕಿನ ಬಾರ್ಬರಾ ಜೇಮ್ಸ್ ಎಂಬ ತಾಯಿ, ಬೇಕಾದ ಮಾಹಿತಿ ಕೊಡುತ್ತೇನೆ, ಆದರೆ ಮನೆಯೊಳಗೆ ಬರುವುದು ಬೇಡ ಎಂದರು. ಬಹುಮತದ ತೀರ್ಪು ಅವರ ವಿರುದ್ಧ ಬಂತು: ಭೇಟಿಗೆ ಒಪ್ಪದಿದ್ದರೆ ಸಹಾಯಧನ ನಿಲ್ಲಿಸಬಹುದು. ಭಿನ್ನಮತ ಬರೆದ ನ್ಯಾಯಮೂರ್ತಿ ಡಗ್ಲಸ್ ಎತ್ತಿದ ಪ್ರಶ್ನೆಗೆ ಮಾತ್ರ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ಬೆಳೆ ಬೆಳೆಯದೆ ಇರುವುದಕ್ಕೆ ಸರ್ಕಾರದಿಂದ ಹಣ ಪಡೆಯುವ ಶ್ರೀಮಂತ ರೈತನ ವಿಷಯದಲ್ಲೂ ನಾವು ಹೀಗೆಯೇ ತೀರ್ಮಾನಿಸುತ್ತಿದ್ದೆವೇ ಎಂದು ಅವರು ಕೇಳಿದ್ದರು. ಸರ್ಕಾರದ ಹಣ ನಮಗೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಬರುತ್ತದೆ. ಬಡವರಿಗೆ ಬಂದಾಗ ಮಾತ್ರ ಅದರ ಹಿಂದೆ ಒಂದು ಜೊತೆ ಕಣ್ಣೂ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ವಾದ ಸುಲಭವಾಗಿರುತ್ತಿತ್ತು: ಮಾಲೀಕರೇ, ಹೊರಗಿರಿ. ಆದರೆ ಆ ಮಂಗಳವಾರ ನಡೆದದ್ದು ಅದನ್ನು ಕಷ್ಟ ಮಾಡಿತು. ಬಂದವರು ಸಭ್ಯರೇ. ಹದಿನೈದು ನಿಮಿಷ ಇದ್ದರು, ಕೋಣೆಗಳನ್ನು ನೋಡಿದರು, ಹಾಳೆಯ ಮೇಲೆ ಗುರುತು ಹಾಕಿದರು. ಹೊರಡುವಾಗ ಆಕೆ ಬಚ್ಚಲುಮನೆಯ ಗೋಡೆಯಲ್ಲಿ ತೇವ ಹಿಡಿದು ಕಪ್ಪಗೆ ಬೂಷ್ಟು ಬಂದದ್ದನ್ನು ತೋರಿಸಿದರು. ಅದು ಬೇರೆ ವಿಭಾಗದ ಕೆಲಸ, ಈ ನಂಬರಿಗೆ ಫೋನ್ ಮಾಡಿ ಎಂಬ ಉತ್ತರ ಬಂತು. ಆ ನಂಬರಿಗೆ ಆಕೆ ಆಗಲೇ ನಾಲ್ಕು ಸಲ ಫೋನ್ ಮಾಡಿದ್ದರು. ಕರೆಯದಾಗ ಬಂದವರು ಕರೆದಾಗ ಬಂದಿರಲಿಲ್ಲ. ಬಂದ ಮೇಲೂ ಅವರ ಕಣ್ಣಿಗೆ ಗೋಡೆ ಬೀಳಲಿಲ್ಲ.

ಗೋಡೆ ನೋಡದಿರುವುದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ರಾಚ್‌ಡೇಲ್ ಎಂಬ ಊರು ಸಾಕ್ಷಿ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಸತ್ತಿತು. ವಸತಿ ಸಂಸ್ಥೆಯೊಂದರ ಫ್ಲ್ಯಾಟಿನಲ್ಲಿ ತುಂಬಿದ್ದ ಬೂಷ್ಟನ್ನು ದೀರ್ಘಕಾಲ ಉಸಿರಾಡಿದ್ದೇ ಕಾರಣವೆಂದು 2022ರ ನವೆಂಬರ್‌ನಲ್ಲಿ, ಸಾವಿನ ಕಾರಣ ವಿಚಾರಿಸುವ ಅಧಿಕಾರಿ ತೀರ್ಮಾನಿಸಿದರು. ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಸಲಹೆ ಸಿಕ್ಕಿತ್ತು. ಸುಡಾನಿನಿಂದ ಬಂದ ಆ ಕುಟುಂಬದ ಜೀವನಶೈಲಿಯ ಬಗ್ಗೆ ತಾವು ಏನೇನೋ ಊಹಿಸಿಕೊಂಡೆವು, ಅದು ತಪ್ಪಾಯಿತು ಎಂದು ಮಾಲೀಕ ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು. ನೋಡಬೇಕಾದದ್ದು ಗೋಡೆಯನ್ನು, ಶಂಕೆಯಿಂದ ನೋಡಿದ್ದು ಆ ಗೋಡೆಗಳ ನಡುವೆ ಬದುಕುತ್ತಿದ್ದವರನ್ನು.

ಪಿಟ್‌ನ ಮಾತು ಅರ್ಧ ಮಾತ್ರ ಎಂದು ನನಗನಿಸಿದ್ದು ಆಗಲೇ. ಮಳೆ ಬರಬಹುದು, ದೊರೆ ಬರಬಾರದು ಎಂಬುದು ಗುಡಿಸಲಿನ ಬಡವನಿಗೆ ಕೊಟ್ಟ ಗೌರವವಿರಬಹುದು. ಆದರೆ ಸೂರಿನ ಒಡೆತನ ದೊರೆಯದ್ದೇ ಆದ ಮೇಲೆ ಮಳೆಯೂ ಬರಬಾರದು. ಅವನು ಹೊರಗೆ ನಿಲ್ಲಬೇಕು ಎನ್ನುವ ಹಕ್ಕೂ, ಸೂರು ಸೋರಿದಾಗ ಅವನು ಓಡಿ ಬರಬೇಕು ಎನ್ನುವ ಹಕ್ಕೂ ಎರಡಲ್ಲ, ಒಂದೇ ಹಕ್ಕು. ಎರಡರಲ್ಲೂ ಮೊದಲ ಮಾತು ಒಳಗಿರುವವರದ್ದು. ಯಾವಾಗ ಬರಬೇಕು, ಏನನ್ನು ನೋಡಬೇಕು ಎಂಬುದನ್ನು ಅವರ ಬದುಕು ಹೇಳಬೇಕು, ಕಚೇರಿಯ ಹಾಳೆಯಲ್ಲ.

ಆ ಮಗುವಿನ ಹೆಸರಿನಲ್ಲೇ ಇಂಗ್ಲೆಂಡಿನಲ್ಲಿ ಈಗ ಒಂದು ಕಾನೂನಿದೆ. 2025ರ ಅಕ್ಟೋಬರ್ 27ರಿಂದ ಅದರ ಮೊದಲ ಹಂತ ಜಾರಿಗೆ ಬಂತು. ಜೀವಕ್ಕೆ ತುರ್ತು ಅಪಾಯವಿದ್ದರೆ ಇಂಥ ಮನೆಗಳ ಮಾಲೀಕರು 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಗಂಭೀರವಾದ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. 24 ಗಂಟೆ ಎಂಬ ಅದೇ ಅಳತೆ ಎರಡೂ ಕಡೆ ಇರುವುದು ಕಾಕತಾಳೀಯವಿರಬಹುದು. ನನಗೆ ಮಾತ್ರ ಅರ್ಥಪೂರ್ಣ ಎನಿಸುತ್ತದೆ: ನಿನಗೆ ಬೇಕೆಂದು ಬರುವುದಾದರೆ ಒಂದು ದಿನ ಕಾಯಿ, ನನಗೆ ಬೇಕೆಂದು ಕರೆದರೆ ಒಂದು ದಿನದೊಳಗೆ ಬಾ.

ಇದು ನಮಗೂ ದೂರದ ಮಾತಲ್ಲ. ರಾತ್ರಿ ಹೊತ್ತು ಪೊಲೀಸರು ಮನೆಗೆ ಬಂದು ವಿಚಾರಿಸುವ ಉತ್ತರ ಪ್ರದೇಶದ ನಿಯಮವನ್ನು ನಮ್ಮ ಸುಪ್ರೀಂ ಕೋರ್ಟ್ 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೊಕದ್ದಮೆಗೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯೂ ಮಾಲೀಕ ಒಳಬರಲು 24 ಗಂಟೆಯ ಸೂಚನೆ ಕೇಳುತ್ತದೆ. ಆದರೂ 'ನಮ್ಮ ಮನೆ ತಾನೇ' ಎಂದು ನೇರ ಅಡುಗೆಮನೆಯವರೆಗೆ ಬಂದುಬಿಡುವ ಮಾಲೀಕರನ್ನು ನಾವೆಲ್ಲ ಕಂಡಿದ್ದೇವೆ. ಅವರು ಹೋದ ಮೇಲೆ ಗೊಣಗಿದ್ದೇವೆ, ಅವರಿದ್ದಾಗ ಕಾಫಿ ಕೊಟ್ಟಿದ್ದೇವೆ.

ಬುಧವಾರ ಚೀಲ ಹಿಂದಿರುಗಿಸಲು ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು. ಬೇರೆ ದಿನವಾಗಿದ್ದರೆ ಕೂಗುತ್ತಾ ಒಳಗೆ ಹೋಗಿಬಿಡುತ್ತಿದ್ದೆ. ಅವತ್ತು ತಟ್ಟಿ, ಹೊರಗೇ ನಿಂತೆ. ಆಕೆ ಒಳಗೆ ಏನೋ ಸರಿಸುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಂದು, ಚೀಲ ಇಸಿದುಕೊಂಡು, ಬೂಟನ್ನು ಬಾಗಿಲ ಪಕ್ಕದಲ್ಲಿ ಅದರ ಜಾಗದಲ್ಲೇ ಇಟ್ಟರು. ಆಮೇಲೆ, ಒಳಗೆ ಬಾ ಎಂದರು.